ಸುಣ್ಣದ ಹರಳು

ಕಪ್ಪತಗುಡ್ಡದ ಸೀಮೆಯಲ್ಲಿ ಯಾರು ನೆಲ ತೋಡಿದರೂ
ಬಂಗಾರ ಸಿಕ್ಕಿತೇನ್ರೀ ಎಂದು ಕೇಳುತ್ತಾರೆ.
ಡೋಣಿಯ ಎರೆಹೊಲದಲ್ಲಿ ಆಳೆತ್ತರ ತಗ್ಗು ತೆಗೆದು
ನಾವು ಆರಿಸಿ ತಂದದ್ದು ಸುಣ್ಣದ ಹರಳು.
ಶೇಂಗಾಕಾಯಿಯಷ್ಟು ಕೆಲವು, ಕೆಲವು ಹುಣಸೆಬೀಜದಷ್ಟು.

ಧಾರವಾಡದ ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಷ್ಟೇ:
ಹಲ್ಲಿನ ಡಾಕ್ಟರರ ಡ್ರಿಲ್ಲಿನಿಂದ ಹರಳ ಎದೆ ಕೊರೆದು
ಚಿಟಿಕೆ ಹಿಟ್ಟು ಸೀಸೆಗೆ ತುಂಬಿ
ಚೀಟಿ ಅಂಟಿಸುವುದು.
ಮೂರಡಿ. ಐದಡಿ. ಎಂಟೂವರೆ.
ಇಲ್ಲಿ ಆಳವೆಂದರೆ ಕಾಲ.

ಎರೆಮಣ್ಣು ನಂಬಿಗಸ್ತ ಗುಮಾಸ್ತನಲ್ಲ.
ಬ್ಯಾಸಗಿಗೆ ಬಾಯಿ ಬಿಟ್ಟು ಮೇಲಿನ ಹಾಳೆಯನ್ನು ನುಂಗುತ್ತದೆ,
ಮಳೆಗೆ ಉಬ್ಬಿ ಕೆಳಗಿನದನ್ನು ಮೇಲೆ ತಳ್ಳುತ್ತದೆ.
ಅದಕ್ಕೇ ವೃಂದಾ ಮೇಡಂ ಪ್ರತಿ ಅಂಕಿಯ ಪಕ್ಕ
ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ.
ನನಗೆ ಅಂಕಿಗಿಂತ ಆ ಪೆನ್ಸಿಲಿನ ಮೇಲೆ ನಂಬಿಕೆ.

ಬೇರು ಬಿಟ್ಟ ಉಸಿರು ಮಳೆನೀರಲ್ಲಿ ಕರಗಿ
ನೀರು ಆರಿದ ಮೇಲೆ ಗಂಟಾಗಿ ಕೂತದ್ದು, ಈ ಹರಳು.
ಗಿಡದ ಉಸಿರಿಗೆ ಒಂದು ತೂಕ.
ಬಿಸಿಲ ಹುಲ್ಲಿನದು ಅದಕ್ಕಿಂತ
ಕೂದಲೆಳೆಯಷ್ಟು ಭಾರ.

ತೀರ ಕೆಳಗಿನದು ಭಾರ.
ಅಂದರೆ, ಭೂಮಿಯ ಉತ್ತರದ ನೆತ್ತಿಯಲ್ಲಿ ಮಂಜು
ಮೈಲು ದಪ್ಪ ಹೆಪ್ಪುಗಟ್ಟಿ,
ನಮ್ಮ ಕಡಲಗಾಳಿ ಖಾಲಿ ಕೊಡ ಹೊತ್ತು ಬರುತ್ತಿದ್ದಾಗ
ಈ ಗುಡ್ಡದ ಬುಡದಿಂದ ತುಂಗಭದ್ರೆಯ ತನಕ
ಹುಲ್ಲು.
ನಡುನಡುವೆ ಒಂಟಿ ಗಿಡ,
ಜಗಳವಾಡಿ ಬೇರೆ ಮನೆ ಮಾಡಿದವರ ಹಾಗೆ.

ಅದರ ಮೇಲಿನದು ಹಗುರ. ಮಳೆ ಹೆಚ್ಚಿತು,
ಗುಡ್ಡದ ಸಂದಿನಲ್ಲಿ ಅವಿತಿದ್ದ ಗಿಡಗಳು
ಬೀಜ ಬೀಜವಾಗಿ ಇಳಿದು ಬಂದವು,
ಹಕ್ಕಿಯ ಹೊಟ್ಟೆಯಲ್ಲಿ, ಹಳ್ಳದ ಸೆಳವಿನಲ್ಲಿ.
ಇನ್ನೂ ಮೇಲೆ, ಮತ್ತೆ ಭಾರ.
ಆಗ ಮಳೆಗಳಿಗೆ ಹೆಸರಿರಲಿಲ್ಲ.
ರೋಹಿಣಿಗೆ ಕಾಯುವವರಿಲ್ಲ,
ಹಸ್ತ ಕೈಕೊಟ್ಟಿತೆಂದು ಬಯ್ಯುವವರಿಲ್ಲ.
ಬಂದಷ್ಟು ಬಂತು. ನಿಂತಷ್ಟು ಹುಲ್ಲು ನಿಂತಿತು.

ಇದನ್ನು ಬರೆಯುವಾಗ ಒಂದು ಮಾತು ಗಂಟಲಲ್ಲಿ ಸಿಗುತ್ತದೆ:
ನಾವು ಸುಣಗಾರರು.
ನಮ್ಮಾಯಿ ತುಂಗವ್ವ ಇವೇ ಹರಳನ್ನು ಬುಟ್ಟಿಗಟ್ಟಲೆ ಆಯ್ದು
ಇದ್ದಿಲಿನ ಜೊತೆ ಪದರ ಪದರ ಒಟ್ಟಿ ಭಟ್ಟಿ ಸುಟ್ಟವಳು.
ಎರಡು ರಾತ್ರಿ ಉರಿ. ಮೂರನೇ ದಿನ ನೀರು ಚಿಮುಕಿಸಿದರೆ
ಕಲ್ಲು ಬುಸುಗುಟ್ಟಿ ಅರಳಿ ಹಿಟ್ಟಾಗುತ್ತಿತ್ತು.
ಎಷ್ಟು ಊರಿನ ಗೋಡೆ, ಎಷ್ಟು ಬಾಯಿಯ ಎಲೆಯಡಿಕೆ!

ಹಳೆಯ ಮಳೆ ಆ ಗೋಡೆಗಳ ಮೇಲಿದೆ ಎಂದುಕೊಂಡಿದ್ದೆ.
ಇಲ್ಲ, ಅಂದರು ಮೇಡಂ,
ಭಟ್ಟಿಯಲ್ಲೇ ಆ ಉಸಿರು ಹಾರಿಹೋಯಿತು.
ಬಳಿದ ಸುಣ್ಣ ಆರುತ್ತ ಕುಡಿಯುವುದು ಅಂದಿನ ಗಾಳಿ.
ಇಪ್ಪತ್ತು ಸಾವಿರ ವರ್ಷ ಉಸಿರು ಹಿಡಿದ ಹುಲ್ಲು
ಒಂದು ಅಮಾವಾಸ್ಯೆಯ ರಾತ್ರಿ ಹೊಗೆಯ ಜೊತೆ ಎದ್ದು
ಆಯಿಯ ಸೆರಗು ಹಾದು ಹೋಗಿದೆ.
ಗೋಡೆಯಲ್ಲಿ ಉಳಿದಿರುವುದು
ಚಿಕ್ಕವ್ವನ ಮದುವೆಯ ವಾರದ ಗಾಳಿ,
ಒಲೆಯ ಹೊಗೆ, ಬಾಜಾದವರ ಉಸಿರು.

ಊರಿಗೆ ಹೋದಾಗ ಹೇಳಿದೆ.
ಆಯಿ ಎಲೆಗೆ ಸುಣ್ಣ ಸವರುತ್ತ ಕೇಳಿದಳು:
‘ನೀ ಏನ್ ಮಾಡಾಕತ್ತಿ ಮತ್ತ, ಅದನ್ನ?’
ಹಿಟ್ಟು ಮಾಡಿ ಆಸಿಡ್ಡಿಗೆ ಹಾಕ್ತೀವಿ. ನೊರೆ ಬರತದ.
ಆ ನೊರೆ ತೂಗ್ತೀವಿ.
‘ಹಂಗಾರ ನೀನೂ ಸುಡಾಂವನ.
ನಂದು ಬೆಂಕಿ, ನಿಂದು ನೀರು.’

ಮೊನ್ನೆ ಯಂತ್ರ ಖಾಲಿಯಿತ್ತು. ತಮಾಷೆಗೆಂದು ಮೇಡಂ
ನನ್ನ ತಲೆಯಿಂದ ನಾಲ್ಕು ಕೂದಲು ಕಿತ್ತು ಒಳಗಿಟ್ಟರು.
ಬಂದದ್ದು ಹುಲ್ಲಿನ ಕಡೆಯ ಅಂಕಿ.
‘ಮೂರು ಹೊತ್ತೂ ಜೋಳದ ರೊಟ್ಟಿಯೇನ್ರೀ?’
ಜೋಳವೂ ಬಿಸಿಲ ಹುಲ್ಲೇ, ಹೊಲಕ್ಕೆ ಬಂದು ಕೂತದ್ದು.
ಕೊನೆಯ ಸಾಲಿನಲ್ಲಿ ನನ್ನ ಹೆಸರು, ಅಂಕಿ ಬರೆದರು,
ಎಂಟೂವರೆ ಅಡಿಯ ಕೆಳಗೆ.
ಪೆನ್ಸಿಲ್ ಮುಟ್ಟಲಿಲ್ಲ.